ಸೋಲಾರಿಗೆ ಚೊಗರು ಹಾಕಿದ್ದು

ನನ್ನ ಬಾಯಿ ಸ್ವಲ್ಪ ಜೋರು. ಶಾಲೆಯಲ್ಲಿ ದಿನವೂ ಮಕ್ಕಳನ್ನು ಕೂಗಿ ಕೂಗಿ ಹಾಗಾಯಿತು ಅಂತ ನಾನು ಹೇಳಿಕೊಳ್ಳುತ್ತೇನೆ, ಹುಟ್ಟಿದ್ದೇ ಹಾಗೆ ಅಂತ ಅಪ್ಪ ಹೇಳುತ್ತಿದ್ದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆ ವರ್ಷ ನಮ್ಮ ಮನೆಯಲ್ಲಿ ಕೆಟ್ಟಿದ್ದು ಸೋಲಾರ್ ಹೀಟರೋ ನನ್ನ ಬಾಯೋ ಅನ್ನುವುದು ಇವತ್ತಿಗೂ ತೀರ್ಮಾನ ಆಗಿಲ್ಲ.

ಅಪ್ಪ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಇನ್ನೂ ಕೆಲವು ವರ್ಷ ಸರ್ವೀಸ್ ಇರುವಾಗಲೇ ವಿ.ಆರ್.ಎಸ್. ಬಂತು. ಅದು ಎರಡು ಸಾವಿರದ ಇಸವಿಯ ಆಚೀಚೆ, ಭದ್ರಾವತಿಯಲ್ಲಿ ಬೀದಿಗೆ ನಾಲ್ಕು ಜನ ವಿ.ಆರ್.ಎಸ್. ತಗೊಂಡವರು ಸಿಗುತ್ತಿದ್ದ ಕಾಲ. ಕೆಲಸ ಬಿಟ್ಟ ಮೇಲೆ ಕ್ವಾರ್ಟರ್ಸೂ ಬಿಡಬೇಕು. ಅಮ್ಮ ತೀರಿಕೊಂಡು ಆಗ ನಾಲ್ಕು ವರ್ಷ. ನಾನೊಬ್ಬಳೇ ಮಗಳು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ನಮ್ಮ ಮನೆಗೆ ಅಪ್ಪ ಬಂದ. ಕೈಯಲ್ಲಿ ಒಂದು ಟ್ರಂಕು, ಹೆಗಲಿಗೆ ಸ್ಪ್ಯಾನರು ತುಂಬಿದ ಕ್ಯಾನ್‌ವಾಸ್ ಚೀಲ. ಚಪ್ಪಲಿ ಬಿಡುವ ಮೊದಲೇ, "ಒಂದೇ ತಿಂಗಳು ಮಗಾ. ಭದ್ರಾವತೀಲಿ ಒಂದು ರೂಮು ನೋಡ್ತಿದೀನಿ" ಅಂದ.

ಮನೆಯಲ್ಲಿ ಇದ್ದದ್ದು ನಾನು, ನಮ್ಮವರು, ನಮ್ಮ ಅತ್ತೆ. ಅಪ್ಪ ಇಲ್ಲೇ ಇದ್ದುಬಿಡಲಿ ಅಂತ ನನಗೆ ಎಷ್ಟು ಆಸೆ ಇತ್ತೆಂದರೆ, ಅವನು ಬರುವ ಮೊದಲೇ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ಹೊಸ ಹಾಸಿಗೆ ಹಾಕಿಸಿದ್ದೆ. ನಮ್ಮವರೂ "ಇರ್ಲಿ ಬಿಡು, ಇನ್ನೆಲ್ಲಿಗೆ ಹೋಗ್ತಾರೆ" ಅಂದಿದ್ದರು. ಆದರೆ ಮಗಳನ್ನು ಕೊಟ್ಟ ಮನೆಯಲ್ಲಿ ಕೂತು ಉಣ್ಣುವುದು ಅಪ್ಪನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸೋಫಾ ಖಾಲಿ ಇದ್ದರೂ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುವುದು. ಉಂಡ ತಟ್ಟೆಯನ್ನು ತಾನೇ ತೊಳೆದು ಬೋರಲು ಹಾಕುವುದು. ಎರಡನೇ ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ. ರಾತ್ರಿ ಪಾಳಿ ಮುಗಿಸಿ ಬಂದು ಎರಡು ಮುದ್ದೆ ಉಂಡು, ಮೇಲೆ ಅನ್ನಕ್ಕೆ ಮಜ್ಜಿಗೆ ಸುರಿದುಕೊಳ್ಳುತ್ತಿದ್ದ ಮನುಷ್ಯ ಅವನು! ಅತ್ತೆಯ ಮುಂದೆ ಒಂದು ಹಿಡಿ ಅನ್ನ ಉಂಡು ಎದ್ದುಬಿಡುತ್ತಿದ್ದ.

"ಅಪ್ಪಾ, ಇಲ್ಲೇ ಇರು" ಅಂದರೆ ಮುಗೀತಲ್ಲ, ಅದಕ್ಕೇನು ಕಷ್ಟ ಅಂತ ನೀವು ಕೇಳಬಹುದು. ಕಷ್ಟವೇ. ನಮ್ಮಲ್ಲಿ ಅಂಥ ಮಾತು ಆಡಿ ಅಭ್ಯಾಸವಿಲ್ಲ. ಅಪ್ಪನ ಹತ್ತಿರ ನಾನು ಜಗಳ ಆಡಿದ್ದೇನೆ, ಫೀಸು ಕೇಳಿದ್ದೇನೆ, ಸಿನಿಮಾಕ್ಕೆ ಕರೆದುಕೊಂಡು ಹೋಗು ಅಂತ ಪೀಡಿಸಿದ್ದೇನೆ. ನೀನು ನನಗೆ ಬೇಕು ಅಂತ ಯಾವತ್ತೂ ಹೇಳಿದವಳಲ್ಲ. ಹೇಳಲು ಹೋದರೆ ನಾಟಕದ ಮಾತಿನ ಹಾಗೆ ಕೇಳಿಸುತ್ತದೆ ಅಂತ ನಾಚಿಕೆ. ಅದಕ್ಕೆ ನಾನು ಬೇರೆ ದಾರಿ ಹುಡುಕಿದೆ. ಅಪ್ಪನಿಗೆ ಕೈತುಂಬ ಕೆಲಸ ಕೊಟ್ಟರೆ ಇರುತ್ತಾನೆ ಅಂದುಕೊಂಡೆ. ಸೋರುವ ನಲ್ಲಿ, ಕಿರುಗುಟ್ಟುವ ಗೇಟು, ಅಲುಗಾಡುವ ಕುರ್ಚಿ, ಹೀಗೆ ದಿನಕ್ಕೊಂದನ್ನು ಹುಡುಕಿ ಹುಡುಕಿ ತೋರಿಸಿದೆ. ಹದಿನೈದು ದಿನಕ್ಕೆ ಮನೆಯಲ್ಲಿ ರಿಪೇರಿ ಮಾಡುವಂಥದ್ದು ಏನೂ ಉಳಿಯಲಿಲ್ಲ. ಒಂದು ದಿನ ಚೆನ್ನಾಗಿದ್ದ ಬಾಗಿಲ ಚಿಲಕವನ್ನು ನಾನೇ ಸಡಿಲ ಮಾಡಿಟ್ಟೆ ಅಂದರೆ ನೀವು ನಗುತ್ತೀರಿ.

ಅಷ್ಟರಲ್ಲಿ ದೇವರು ಕಣ್ಣುಬಿಟ್ಟ ಹಾಗೆ ಸೋಲಾರ್ ಕೆಟ್ಟಿತು.

ತಾರಸಿಯ ಮೇಲೆ ಸೋಲಾರ್ ಹಾಕಿಸಿ ನಾಲ್ಕೈದು ವರ್ಷ ಆಗಿತ್ತು. ನಗರಸಭೆ ನೀರು ಎರಡು ದಿನಕ್ಕೊಮ್ಮೆ ಬರುತ್ತಿದ್ದರಿಂದ ಅದಕ್ಕೆ ಬೋರಿನ ನೀರನ್ನೇ ಬಿಟ್ಟಿದ್ದೆವು. ಬೋರಿನದ್ದು ಉಪ್ಪುನೀರು, ಚೆಂಬಿನ ಅಂಚಿನಲ್ಲೆಲ್ಲ ಬೆಳ್ಳಗೆ ಕಟ್ಟಿಕೊಳ್ಳುವಂಥದ್ದು. ಆ ಚಳಿಗಾಲ ನೀರು ಉಗುರು ಬೆಚ್ಚಗೂ ಬರುವುದು ನಿಂತಿತು. ಬೆಳಗಿನ ಜಾವ ಸ್ನಾನ ಮಾಡುವ ಅತ್ತೆ, "ಇದು ಸೋಲಾರೋ, ಮಡಕೆ ನೀರೋ?" ಅಂತ ಬಚ್ಚಲಿನಿಂದಲೇ ಕೂಗತೊಡಗಿದರು. ರಿಪೇರಿಯವನು ಬಂದು ತಾರಸಿ ಹತ್ತಿ, ಎರಡು ನಿಮಿಷ ನೋಡಿ, ಬಿಸಿಲಿಗೆ ಕಾಯುವ ಗಾಜಿನ ಪೆಟ್ಟಿಗೆ ಎರಡನ್ನೂ ಬದಲಾಯಿಸಬೇಕು ಅಂದ.

"ಒಂದು ನಿಮಿಷ ಇರಪ್ಪ," ಅಂದೆ ನಾನು. "ನಮ್ಮಪ್ಪ ಒಂದ್ಸಲ ನೋಡ್ಲಿ."

ಅಪ್ಪ ಮೇಲೆ ಹತ್ತಿದ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ತುದಿಯನ್ನು ಪೈಪಿನ ಮೇಲಿಟ್ಟು ಕಣ್ಣು ಮುಚ್ಚಿ ಕೇಳಿದ. ನೀರು ಓಡಾಡುತ್ತಿದೆಯೋ ಇಲ್ಲವೋ ಅಂತ ಹಾಗೆ ತಿಳಿಯುತ್ತದಂತೆ. ಆಮೇಲೆ ಒಂದು ಕಡೆ ಪೈಪನ್ನು ಬಿಚ್ಚಿ ನನ್ನನ್ನು ಕರೆದು ತೋರಿಸಿದ. ಹೆಬ್ಬೆರಳು ಹೋಗಬೇಕಾದ ತೂತಿನಲ್ಲಿ ಪೆನ್ಸಿಲ್ಲೂ ಹೋಗುವಂತಿರಲಿಲ್ಲ. ಒಳಗೆಲ್ಲ ಗಾರೆ ಮೆತ್ತಿದ ಹಾಗೆ ಬಿಳಿ ಉಪ್ಪು.

"ಪೆಟ್ಟಿಗೆಗೆ ಏನೂ ಆಗಿಲ್ಲ ಮಾರಾಯ್ತಿ. ನೀವು ಇಷ್ಟು ವರ್ಷ ಇದರ ಹೊಟ್ಟೆ ತೊಳೆದೇ ಇಲ್ಲ. ಬಿಸಿಲಿಗೂ ನೀರಿಗೂ ಮಧ್ಯ ಕಂಬಳಿ ಹೊದಿಸಿದ ಹಾಗಾಗಿದೆ, ಕಾಯೋದು ಹೆಂಗೆ?"

ಆವತ್ತು ಅಪ್ಪನ ಮುಖ ನೋಡಬೇಕಿತ್ತು. ಊಟಕ್ಕೆ ಕೂತವನು ಬಾಯ್ಲರ್ ಕಥೆ ಶುರು ಮಾಡಿದ. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಬಾಯ್ಲರ್ ಆರಿಸಿ, ಬಾಗಿಲು ತೆಗೆದು, ಜನ ಒಳಗೆ ತೆವಳಿಕೊಂಡು ಹೋಗಿ ಸುತ್ತಿಗೆಯಲ್ಲಿ ಉಪ್ಪು ಕುಟ್ಟಿ ತೆಗೆಯುವುದು, ಇನ್‌ಸ್ಪೆಕ್ಟರ್ ಬಂದು ಟಾರ್ಚ್ ಬಿಟ್ಟು ನೋಡುವುದು, ಇವೆಲ್ಲ. ಮಾತಾಡುತ್ತಾ ಮಾತಾಡುತ್ತಾ ತಟ್ಟೆಯನ್ನು ನನ್ನ ಕಡೆ ಸರಿಸಿದ. ನಾನು ಏನೂ ಗೊತ್ತಿಲ್ಲದವಳ ಹಾಗೆ ಎರಡು ಸೌಟು ಅನ್ನ ಹಾಕಿದೆ. ಅತ್ತೆ ಅದನ್ನು ನೋಡಿದರು. ನನಗಂತೂ ಹಬ್ಬ ಬಂದಷ್ಟು ಸಂತೋಷವಾಯಿತು.

ಇಡೀ ಒಂದು ವಾರ ಕೆಲಸ ನಡೆಯಿತು. ಅಪ್ಪ ಪೆಟ್ಟಿಗೆಯ ತಾಮ್ರದ ಕೊಳವೆಗಳನ್ನು ಬಿಚ್ಚಿ, ಸೈಕಲ್ ಬ್ರೇಕಿನ ತಂತಿಗೆ ಬ್ರಶ್ ಕಟ್ಟಿ, ಒಂದೊಂದನ್ನೇ ಉಜ್ಜಿದ. ಬಕೆಟ್ಟುಗಟ್ಟಲೆ ಬಿಳಿ ಹಕ್ಕಳೆ ಉದುರಿತು. ಆದರೆ ಬ್ರಶ್ ಹೋಗದ ಮೂಲೆಗಳಿದ್ದವು, ಕೆಳಗೆ ಬಚ್ಚಲಿಗೆ ಇಳಿಯುವ ಕಬ್ಬಿಣದ ಪೈಪಿತ್ತು. ನಮ್ಮವರು ಆಸಿಡ್ ತಂದುಕೊಡಲಾ ಅಂತ ಕೇಳಿದರು.

"ಬೇಡ ಅಳಿಯಂದ್ರೇ. ಆಸಿಡ್ಡಿಗೆ ಉಪ್ಪು ಯಾವುದು ಪೈಪು ಯಾವುದು ಅಂತ ಗೊತ್ತಾಗಲ್ಲ, ಎರಡನ್ನೂ ತಿನ್ನತ್ತೆ. ಚೊಗರು ಸಿಕ್ಕಿದ್ರೆ ನೋಡಣ."

ಚೊಗರು ಅಂದರೆ ಅಡಿಕೆ ಬೇಯಿಸಿದ ನೀರು ಕುದ್ದು ಕುದ್ದು ಗಟ್ಟಿಯಾಗಿ ಉಳಿಯುವ ಕೆಂಪು ರಸ. ಅಡಿಕೆಗೆ ಬಣ್ಣ ಕಟ್ಟಲು ಅದನ್ನು ಇಟ್ಟುಕೊಳ್ಳುತ್ತಾರೆ. ಅದನ್ನು ಬಾಯ್ಲರಿಗೆ ಹಾಕುವುದನ್ನು ಅಪ್ಪನಿಗೆ ಕಲಿಸಿದ್ದು ಕಾರ್ಖಾನೆಯ ಹಳೇ ತಮಿಳು ಮೇಸ್ತ್ರಿ. ಉಪ್ಪು ಕಟ್ಟದ ಹಾಗೆ ಬಾಯ್ಲರಿಗೆ ಹಾಕುವ ಪೌಡರು ಖಾಲಿಯಾದಾಗ ಅವರು ಸಣ್ಣ ಬಾಯ್ಲರಿಗೆ ಎರಡು ಡಬ್ಬ ಚೊಗರು ಸುರಿಸುತ್ತಿದ್ದರಂತೆ. ಅದರ ಒಗರಿಗೆ ಕಟ್ಟಿದ ಉಪ್ಪು ಮೆತ್ತಗಾಗಿ ಬಿಟ್ಟುಕೊಳ್ಳುತ್ತದೆ, ಕಬ್ಬಿಣದ ಮೇಲೆ ಕರಿ ಪದರ ಕೂತು ತುಕ್ಕು ಹಿಡಿಯುವುದಿಲ್ಲ ಅಂತ. ನನಗೆ ನಂಬಿಕೆ ಬರಲಿಲ್ಲ. ಆದರೂ ಚೊಗರು ತಂದವಳು ನಾನೇ. ನಾನಾಗ ಹೊಳೆಹೊನ್ನೂರಿನ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಜೊತೆಯ ಟೀಚರೊಬ್ಬರ ಮನೆಯಲ್ಲಿ ಅಡಿಕೆ ಬೇಯಿಸುತ್ತಿದ್ದರು. ಐದು ಲೀಟರ್ ಕ್ಯಾನಿನ ತುಂಬ ಚೊಗರು ಹಿಡಿದು ಬಸ್ ಹತ್ತಿದರೆ ಕಂಡಕ್ಟರು, "ಏನ್ ಮೇಡಂ, ಮನೇಲಿ ಅಡಿಕೆ ಮಂಡಿ ಇಟ್ರಾ?" ಅಂದ. ಸೀರೆಗೆ ಎರಡು ಹನಿ ಬಿದ್ದು ಆ ಕಲೆ ಕೊನೆಗೂ ಹೋಗಲಿಲ್ಲ.

ಒಂದು ಶನಿವಾರ ಸಂಜೆ ಅಪ್ಪ ಟ್ಯಾಂಕಿನ ನೆತ್ತಿಯ ಕೊಳವೆಗೆ ಆಲಿಕೆ ಇಟ್ಟು ಚೊಗರು ಸುರಿದ. "ಬಚ್ಚಲಿನ ಬಿಸಿನೀರಿನ ನಲ್ಲಿ ಬಿಡು, ಕೆಂಪಗೆ ಬಂದ್ ಕೂಡ್ಲೇ ನಿಲ್ಸು. ಪೈಪಿಗೂ ಇಳೀಲಿ" ಅಂತ ಮೇಲಿನಿಂದ ಕೂಗಿದ. ನಾನು ಬಿಟ್ಟೆ. ಸ್ವಲ್ಪ ಹೊತ್ತಿಗೆ ಕೆಂಪು ನೀರು ಬಂತು. "ಬಂತು!" ಅಂತ ಕೂಗಿ ನಿಲ್ಲಿಸಿದೆ. ಅಪ್ಪ ಕೆಳಗೆ ಬಂದು ಆ ನಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟಿದ. ಕಾರ್ಖಾನೆಯಲ್ಲಿ ಬಾಯ್ಲರ್ ಬಿಚ್ಚಿದಾಗ ವಾಲ್ವಿಗೆ ಹಾಗೆ ಕಟ್ಟುತ್ತಾರಂತೆ. ಕಟ್ಟಿದವನೇ ಬಿಚ್ಚಬೇಕು, ಬೇರೆ ಯಾರೂ ಮುಟ್ಟುವ ಹಾಗಿಲ್ಲ.

"ಎಂಟು ದಿನ ಅಕ್ಕಾ, ದಯವಿಟ್ಟು," ಅಂದ ಅತ್ತೆಗೆ.

"ನಮ್ಮ ಬಚ್ಚಲಿಗೇ ನಿಷೇಧಾಜ್ಞೆ ಹಾಕಿದ್ರಲ್ಲ ಬೀಗರೇ," ಅಂದರು ಅತ್ತೆ. ಗೊಣಗಿದರೂ ಒಪ್ಪಿದರು. ಎಂಟು ದಿನ ಗ್ಯಾಸಿನ ಮೇಲೆ ನೀರು ಕಾಯಿಸಿದೆವು. ಈ ಗಡಿಬಿಡಿಯಲ್ಲಿ ಅಪ್ಪ ಹೇಳಿದ್ದ ಒಂದು ತಿಂಗಳು ಮುಗಿದು ಎರಡನೆಯದೂ ಅರ್ಧ ಆಗಿತ್ತು. ರೂಮಿನ ಸುದ್ದಿ ಅವನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಎಂಟನೇ ದಿನ ಭಾನುವಾರ ಬಂತು. ಅಪ್ಪ ಬೆಳಿಗ್ಗೆಯೇ ಮೇಲೆ ಹತ್ತಿ ಟ್ಯಾಂಕಿನ ಬುಡದ ವಾಲ್ವ್ ತೆಗೆದ. ಕೆಸರಿನಂಥ ನೀರು, ಅದರ ಜೊತೆ ಉಪ್ಪಿನ ಚೂರು. ತುಂಬಿಸಿ ಖಾಲಿ ಮಾಡಿದ, ಮತ್ತೆ ತುಂಬಿಸಿ ಖಾಲಿ ಮಾಡಿದ. ನಾಲ್ಕನೇ ಸಲ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದ. ತಿಳಿಯಾಗಿತ್ತು. ಕೆಳಗಿಳಿದು ಬಂದು ಕೆಂಪು ಬಟ್ಟೆ ಬಿಚ್ಚಿ, "ಲೈನ್ ಕ್ಲಿಯರ್!" ಅಂತ ಘೋಷಿಸಿದ. ದಿನವಿಡೀ ಒಳ್ಳೆ ಬಿಸಿಲಿತ್ತು. ಸಂಜೆ ಅಪ್ಪ ಟ್ಯಾಂಕಿನ ಹೊರಪೈಪನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡು ನಕ್ಕ. ಅಷ್ಟು ಕಾದಿತ್ತು.

ಮಾರನೇ ದಿನ ಅತ್ತೆಯ ತಮ್ಮನ ಮನೆಯ ಗೃಹಪ್ರವೇಶ, ಭದ್ರಾವತಿಯಲ್ಲಿ. ಅತ್ತೆ ಬೆಳಿಗ್ಗೆ ಐದೂವರೆಗೇ ಎದ್ದು ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದರು. ನಮ್ಮ ಅತ್ತೆಯ ಕೂದಲು ಹತ್ತಿಯಷ್ಟು ಬಿಳಿ, ಉದ್ದ, ಅವರಿಗೆ ಅದರ ಬಗ್ಗೆ ಸಣ್ಣ ಜಂಬವೂ ಇತ್ತು. ಬಚ್ಚಲಿನಲ್ಲಿ ಮಿಣುಕು ಬಲ್ಬು. ನಲ್ಲಿ ತಿರುಗಿಸಿದ ಸದ್ದು ಕೇಳಿತು. ಚೆಂಬಿನಿಂದ ಸುರಿದುಕೊಂಡ ಸದ್ದು ಕೇಳಿತು. ಆಮೇಲೆ, "ಅಯ್ಯಯ್ಯೋ! ಏನೇ ಇದೂ!" ಅಂತ ಕಿರುಚಿದ್ದು ಬೀದಿಗೆಲ್ಲ ಕೇಳಿತು.

ಬಾಗಿಲು ತೆಗೆಸಿ ನೋಡಿದರೆ, ಮಸಿ. ಬಕೆಟ್ಟಿನಲ್ಲಿ, ನೆಲದಲ್ಲಿ, ಅತ್ತೆಯ ತಲೆಯಲ್ಲಿ, ಎಲ್ಲ ಕಡೆ ಕಪ್ಪು ಮಸಿ. ಟ್ಯಾಂಕೇನೋ ತಿಳಿಯಾಗಿತ್ತು. ಆದರೆ ತಾರಸಿಯಿಂದ ಬಚ್ಚಲಿಗೆ ಇಳಿಯುವ ಕಬ್ಬಿಣದ ಪೈಪಿನಲ್ಲಿ ಎಂಟು ದಿನದ ಚೊಗರು ಹಾಗೇ ನಿಂತಿತ್ತು. ಕಬ್ಬಿಣಕ್ಕೆ ತಗುಲಿ ಕೆಂಪು ಹೋಗಿ ಕಪ್ಪಾಗಿತ್ತು. ಒಂದು ಸಲ ನಲ್ಲಿ ಬಿಟ್ಟು ಪೈಪನ್ನು ತೊಳೆಯಬೇಕಿತ್ತು, ತೊಳೆದಿರಲಿಲ್ಲ. ನಾಲ್ಕು ಸಲ ಸೋಪು, ಎರಡು ಸಲ ಸೀಗೆಕಾಯಿ ಹಾಕಿ ತಿಕ್ಕಿದ ಮೇಲೂ ಅತ್ತೆಯ ಕೂದಲು ನೇರಳೆ ಹಣ್ಣು ಹಿಂಡಿದ ಬಣ್ಣಕ್ಕೆ ನಿಂತಿತು.

ಅಪ್ಪ ಬಚ್ಚಲ ಬಾಗಿಲಲ್ಲಿ ನಿಂತು ತಲೆ ಚಚ್ಚಿಕೊಂಡ. "ತಪ್ಪಾಯ್ತು ಅಕ್ಕಾ. ದೊಡ್ಡ ತಪ್ಪಾಯ್ತು. ಅಲ್ಲಿ ಬಾಯ್ಲರ್ ಮನೆ ಮೇನ್ ವಾಲ್ವಿನವರೆಗೆ ನಮ್ಮ ಜವಾಬ್ದಾರಿ. ಅದರಾಚೆಯ ಲೈನು ಬೇರೆ ಸೆಕ್ಷನ್ನು, ಅದನ್ನ ಅವರೇ ತೊಳ್ಕೋತಿದ್ರು. ನನಗೆ ಹೊಳೀಲೇ ಇಲ್ಲ..."

ಅಷ್ಟು ವರ್ಷದ ಕೈ ಅಭ್ಯಾಸ, ಪಾಪ. ನಮ್ಮ ಮನೆಯಲ್ಲಿ ಬೇರೆ ಸೆಕ್ಷನ್ ಎಲ್ಲಿಂದ ಬರಬೇಕು? ಇವತ್ತು ಹೀಗೆ ಅನ್ನುತ್ತೇನೆ. ಆವತ್ತು ನನಗೆ ಸಿಟ್ಟು ನೆತ್ತಿಗೇರಿತ್ತು. ಅತ್ತೆ ಏನಂದುಕೊಳ್ಳುತ್ತಾರೋ, ಅವರ ತಮ್ಮನ ಮನೆಯವರು ಏನಂದುಕೊಳ್ಳುತ್ತಾರೋ ಅನ್ನುವ ಭಯವೂ ಸೇರಿತು. ನಮ್ಮವರು, ಅತ್ತೆ ಇಬ್ಬರೂ ಅಲ್ಲೇ ನಿಂತಿದ್ದರು. ನಾನು ಅಂದೆ:

"ಇದು ನಿನ್ನ ಫ್ಯಾಕ್ಟರಿ ಅಲ್ಲ ಅಪ್ಪಾ! ಸುಮ್ನೆ ಒಂದು ಕಡೆ ಕೂತ್ಕೊಂಡು ಇರಕ್ಕೆ ಆಗಲ್ವಾ ನಿನಗೆ?"

ಕೆಂಪು ನೀರು ಬಂತು ಅಂತ ಕೂಗಿ ನಲ್ಲಿ ನಿಲ್ಲಿಸಿದವಳು ನಾನು. ಪೈಪಿನಲ್ಲಿ ಚೊಗರಿದೆ ಅಂತ ಅಪ್ಪನಿಗೆ ಗೊತ್ತಿದ್ದಷ್ಟೇ ನನಗೂ ಗೊತ್ತಿತ್ತು. ಆ ಮಾತು ಬಾಯಿಂದ ಬಿದ್ದ ಕ್ಷಣಕ್ಕೇ ಇದೂ ನೆನಪಾಯಿತು. ಆದರೂ ವಾಪಸ್ ತಗೊಳ್ಳಲಿಲ್ಲ.

ಅಪ್ಪ, "ಆಯ್ತು ಮಗಾ" ಅಂದ. ಅಷ್ಟೇ. ನಲ್ಲಿಗಳನ್ನೆಲ್ಲ ಬಿಟ್ಟು ನೀರು ತಿಳಿಯಾಗುವವರೆಗೆ ನಿಂತ. ಬಚ್ಚಲ ನೆಲವನ್ನು ಕೂತು ಉಜ್ಜಿದ. ಬಕೆಟ್ಟು ತೊಳೆದು ಬೋರಲು ಹಾಕಿದ. ಅತ್ತೆ ಗೃಹಪ್ರವೇಶಕ್ಕೆ ಹೋಗಲಿಲ್ಲ, ನಮ್ಮವರು ಒಬ್ಬರೇ ಹೋದರು. ನಾನು ಶಾಲೆಗೆ ರಜೆ ಹಾಕಿದ್ದೆ, ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಾ ಇದ್ದೆ. ಹನ್ನೊಂದು ಗಂಟೆಗೆ ಹಿಂದಿನ ಕೋಣೆಯಿಂದ ಅಪ್ಪ ಟ್ರಂಕು ಎತ್ತಿಕೊಂಡು ಬಂದ.

"ಬರ್ತೀನಿ ಮಗಾ. ಮಾಚೇನಹಳ್ಳೀಲಿ ಒಂದು ಸಣ್ಣ ಫ್ಯಾಕ್ಟರಿಯೋರು ಬಾಯ್ಲರಿಗೆ ಜನ ಕೇಳಿದ್ರು. ಅಲ್ಲೇ ರೂಮೂ ಕೊಡ್ತಾರಂತೆ," ಅಂದ. ಅತ್ತೆಗೆ ಕೈ ಮುಗಿದ. "ಹದಿನೈದು ದಿನಕ್ಕೊಂದ್ಸಲ ಬುಡದ ವಾಲ್ವ್ ಬಿಟ್ಟು ಒಂದು ಬಕೆಟ್ ನೀರು ಚೆಲ್ಲಿಸಿ ಅಕ್ಕಾ. ಉಪ್ಪು ಕಟ್ಟಲ್ಲ," ಅಂತ ಹೇಳಿದ. ಸಿಟ್ಟಿನ ಒಂದು ಎಳೆಯೂ ಇರಲಿಲ್ಲ ಆ ಮುಖದಲ್ಲಿ. ಇದ್ದಿದ್ದರೆ ನಾನೂ ಜಗಳ ಆಡಿ ನಿಲ್ಲಿಸುತ್ತಿದ್ದೆ. ಗೇಟಿನವರೆಗೂ ಹೋಗಿ ನಿಂತೆ. ಆಟೋ ಹೋಯಿತು.

ಒಳಗೆ ಬಂದರೆ ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಸೋಫಾದ ಮೇಲೆ ಕೂತಿದ್ದರು. ಬೈಸಿಕೊಳ್ಳಲು ಸಿದ್ಧವಾಗಿಯೇ ಹೋದೆ.

"ಹೋದ್ರಾ?"

"ಹೋದ್ರು."

"ತಲೆ ನಂದು ಕಪ್ಪಾಗಿದ್ದು. ಬೈಯೋದಿದ್ರೆ ನಾನು ಬೈಬೇಕು. ನಿನಗ್ಯಾಕೆ ಬೇಕಿತ್ತು ಆ ಮಾತು?" ಅಂದರು. "ಅವರನ್ನ ಇಲ್ಲೇ ಇರಿ ಅಂತ ಯಾವತ್ತಾದ್ರೂ ಕೇಳಿದೀಯಾ?"

"ನೀವೆಲ್ಲ ಒಪ್ಪಿದ್ರಲ್ಲ ಅತ್ತೆ. ಅಪ್ಪಂಗೆ ಅಷ್ಟು ಗೊತ್ತಾಗಲ್ವಾ?"

"ಏನು ಗೊತ್ತಾಗುತ್ತೆ? ಬಂದ ದಿನದಿಂದ ನೋಡ್ತಿದೀನಿ. ಗೇಟು ಮಾಡಪ್ಪ, ನಲ್ಲಿ ಮಾಡಪ್ಪ, ಸೋಲಾರ್ ಮಾಡಪ್ಪ. ಕೆಲಸದವರಿಗೂ ನಡುವೆ ಒಂದು ಕಾಫಿ ಕೊಟ್ಟು ಕೂರಿಸ್ತಾರೆ. ನಾನು ಇರಿ ಅಂದ್ರೆ ಅದು ಬೀಗರ ಉಪಚಾರದ ಮಾತಾಗುತ್ತೆ. ಹೇಳಬೇಕಾದವಳು ನೀನು. ಬಾಯಿ ಇಲ್ವಾ ನಿನಗೆ?"

ನನಗೆ ಬಾಯಿಲ್ಲವಾ ಅಂತ ಕೇಳಿದವರು ಹುಟ್ಟಿದಾಗಿನಿಂದ ಯಾರೂ ಇರಲಿಲ್ಲ! ಉಟ್ಟ ಸೀರೆಯಲ್ಲೇ ಓಡಿದೆ. ಇನ್ನೊಂದು ಆಟೋ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದೆ. ಮಾಚೇನಹಳ್ಳಿ ಭದ್ರಾವತಿ ದಾರಿಯಲ್ಲೇ ಸಿಗುತ್ತದೆ, ಶಿವಮೊಗ್ಗ–ಭದ್ರಾವತಿ ಬಸ್ಸುಗಳು ಐದೈದು ನಿಮಿಷಕ್ಕೆ ಒಂದು ಹೊರಡುತ್ತವೆ. ಅಪ್ಪನ ಬಸ್ಸು ಹೋಗಿಬಿಟ್ಟಿದ್ದರೆ ಏನು ಗತಿ? ಒಂದು ಬಸ್ಸಿನಲ್ಲಿ ನೋಡಿದೆ, ಇರಲಿಲ್ಲ. ಅದರ ಹಿಂದಿನದ್ದು ಸ್ಟಾರ್ಟ್ ಆಗಿ ಗುರ್ರೆನ್ನುತ್ತಿತ್ತು. ಮೂರನೇ ಕಿಟಕಿಯಲ್ಲಿ ಅಪ್ಪ ಕೂತಿದ್ದ, ತೊಡೆಯ ಮೇಲೆ ಟ್ರಂಕು.

"ಅಪ್ಪಾ!"

ಅಪ್ಪ ಗಾಬರಿಯಾದ. "ಏನಾಯ್ತು? ಮತ್ತೆ ಕರಿ ನೀರು ಬಂತಾ?"

"ಇಲ್ಲ."

"ಲೀಕಾ?"

"ಸೋಲಾರು ಹಾಳಾಗ್ ಹೋಗ್ಲಿ ಅಪ್ಪಾ! ನಂಗೆ ಬಿಸಿನೀರು ಬೇಡ. ನೀನು ಬೇಕು. ಕೆಲಸ ಮಾಡ್ಬೇಡ, ಏನೂ ಮಾಡ್ಬೇಡ. ನನ್ನ ಜೊತೆ ಇರು, ಅಷ್ಟೇ."

ಬಸ್ಸಿನ ಸದ್ದಿಗೆ ಅರಚಿಯೇ ಹೇಳಬೇಕಾಯಿತು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಂಡಕ್ಟರು, "ಹತ್ತೋದಾದ್ರೆ ಹತ್ತಮ್ಮಾ, ಬಿಡೋದಾದ್ರೆ ಬಿಡು" ಅಂದ. ಅಪ್ಪ ಕಿಟಕಿಯ ಸರಳು ಹಿಡಿದು ನನ್ನನ್ನೇ ನೋಡುತ್ತಾ ಕೂತಿದ್ದ.

"ಇದನ್ನ ಬಂದ ದಿನವೇ ಹೇಳಕ್ಕೆ ಏನಾಗಿತ್ತು ಮಾರಾಯ್ತಿ ನಿನಗೆ?" ಅಂದ ಅಪ್ಪ, ಟ್ರಂಕು ಹಿಡಿದು ಎದ್ದು ನಿಲ್ಲುತ್ತಾ. "ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ನಾನು ಸುಳ್ಳುಸುಳ್ಳೇ ರೂಮು ಹುಡುಕ್ತಾ ಇದ್ದೆ."